ಮನೆ ನೋಡಲು ಬಂದ ಸಾಹೇಬ

ಕಡಲೆ ಬಿತ್ತನೆ ಮುಗಿದಿತ್ತು. ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಡಂಬಳದ ರಸೂಲಬಿ ಮುಂಡರಗಿ ಠಾಣೆಗೆ ಬಂದಳು. ಮಗ ಅಯ್ಯೂಬ ಗದಗ ಜೈಲಿನಲ್ಲಿದ್ದ. ಬರುವ ಭಾನುವಾರ ಮಗಳು ಫಿಜಾಳ ನಿಕಾ. ಅಯ್ಯೂಬನಿಗೆ ಪೆರೋಲ್ ಸಿಗಬೇಕೆಂದರೆ ಪರಿವೀಕ್ಷಣಾಧಿಕಾರಿ ಮನೆ ನೋಡಿ ವರದಿ ಕಳಿಸಬೇಕು.

“ಸಾಹೇಬ್ರು ಹ್ವಾದ ಗುರುವಾರನ ಮನಿ ನೋಡಿ ಹೋಗ್ಯಾರ್ರಿ. ವರದಿ ಇನ್ನೂ ಜೈಲಿಗೆ ಮುಟ್ಟಿಲ್ಲಂತ. ನೀವೊಂದು ಮಾತು ಹೇಳ್ರಿ.”

ಇನ್ಸ್‌ಪೆಕ್ಟರ್ ಮಾಂತೇಶ ತಲೆ ಎತ್ತಿದ. “ಯಾವ ಸಾಹೇಬ? ಅಧಿಕಾರಿ ಹೆಣ್ಮಗಳು ಅದಾರ.”

“ಬಂದವ್ರು ಗಂಡಸರ್ರಿ. ಬಿಳಿ ಮೀಸಿ. ಗದಗಿನ ಆ ಅಧಿಕಾರಿ ಕಚೇರಿ ಕಟ್ಟಿ ಮ್ಯಾಲ ಕುಂತಿರ್ತಾರಲ್ಲ, ಅವ್ರು.”

ಮಾಂತೇಶ ಗದಗಿಗೆ ಫೋನ್ ಹಚ್ಚಿದ. ಅಧಿಕಾರಿ ಶೃತಿಯ ದನಿ ಸೋತಿತ್ತು. “ನಾ ಯಾರನ್ನೂ ಕಳಿಸಿಲ್ಲ ಸರ್. ಒಬ್ಬೊಬ್ಬರ ವರದಿ ನಾಲ್ಕ್ನಾಲ್ಕು ನಕಲು ಬರೀಬೇಕು. ದಸರಾದಿಂದ ಕುರ್ಚಿ ಬಿಟ್ಟು ಎದ್ದಿಲ್ಲ, ಮನಿ ಯಾವಾಗ ನೋಡ್ಲಿ?”

ಎಫ್‌ಐಆರ್ ಬರೆಯಲು ಕುಳಿತರು.

“ಏನೇನು ಒಯ್ದ?”

“ಏನಿಲ್ರಿ. ಎರಡು ಸಲ ಚಾ ಕುಡಿದ್ರು. ಮಗ ಬಂದ್ರ ಹಾಸಿಗಿ ಎಲ್ಲಿ ಹಾಸ್ತಿ ಅಂತ ಕೇಳಿದ್ರು.”

“ರೊಕ್ಕ?”

“ಕೊಡಾಕ ಹ್ವಾದ್ರ ಬೈದ್ರು.”

ಪೇದೆ ಜಾವೀದ ನಕ್ಕ. “ಸರ್, ನಮ್ಮ ಬೀಗರೂ ಇಷ್ಟು ಕಾಳಜಿ ಮಾಡಂಗಿಲ್ಲ.”

ಮಾಂತೇಶನಿಗೆ ನಗು ಬರಲಿಲ್ಲ. ಏನೂ ಒಯ್ಯದ ಮೋಸಗಾರನನ್ನು ಅವನು ಈವರೆಗೆ ಹಿಡಿದಿರಲಿಲ್ಲ.

ಮಂಗಳವಾರ ಗದಗಿನ ಆ ಕಟ್ಟೆಯ ಮೇಲೆಯೇ ಆತ ಸಿಕ್ಕ. ಮಲ್ಲಸಮುದ್ರದ ಮೂಕಪ್ಪ. ಶಿರಹಟ್ಟಿಯಿಂದ ಬಂದ ಮುದುಕಿಯೊಬ್ಬಳನ್ನು ಮನೆಯ ಗುರುತು ಕೇಳುತ್ತಿದ್ದ. ಪಂಚನಾಮೆಯಲ್ಲಿ ಬರೆಯಲು ಸಿಕ್ಕಿದ್ದು ಒಂದು ಕೈಚೀಲ, ಒಂದು ಕೊಡೆ.

“ವರದಿ ಎಲ್ಲಿ ಬರದಿಟ್ಟೀಯಲೇ?”

“ನನಗ ಬರ್ಯಾಕ ಬರಂಗಿಲ್ರಿ.”

“ಮತ್ತ ಯಾಕ ಹೋಗ್ತಿದ್ದಿ?”

ಮೂಕಪ್ಪ ಕಟ್ಟೆಯ ಮೇಲೆ ಸರಿದು ಕುಳಿತ. “ಒಂದು ಬಡಿದಾಟದ ಕೇಸಿನ್ಯಾಗ ಜೈಲಿಗೆ ಹಾಕದ ನನ್ನ ಮುಚ್ಚಳಿಕಿ ಮ್ಯಾಲ ಬಿಟ್ಟಿದ್ರು. ಅಧಿಕಾರಿ ಮನಿಗೆ ಬಂದು ನೋಡ್ತಾರ ಅಂದಿದ್ರು. ಹೇಂತಿ ಅಂಗಳ ಸಾರಿಸಿ, ಹಾಲು ಎತ್ತಿಟ್ಟು ಕಾಯ್ತಿದ್ಲು. ಮುಚ್ಚಳಿಕಿ ಅವಧಿ ಮುಗಿಯೂತನಾ ಯಾರೂ ಬರ್ಲಿಲ್ಲ. ಇವನ ಮನಿಗೆ ಸರಕಾರನೂ ಬರಂಗಿಲ್ಲ ಅಂತ ಮಂದಿ ಆಡ್ಕೊಂಡ್ರು. ಇವರೂ ಹಂಗ ಕಾಯಬಾರದು ಅಂತ ಹೋದೆ.”

ಕಚೇರಿಯ ಬಾಗಿಲಲ್ಲಿ ನಿಂತಿದ್ದ ಶೃತಿ ಒಳಗೆ ಹೋಗಿ ಬ್ಯಾಗು ತಂದಳು. “ಡಂಬಳಕ್ಕ ನಾಳೆ ನಿಮ್ಮ ಜೀಪು ಸಿಗ್ತೈತೇನ್ರಿ ಸರ್?”

ಸರಕಾರಿ ನೌಕರನ ಸೋಗು ಹಾಕಿದ ಆಪಾದನೆಯ ಮೇಲೆ ಮೂಕಪ್ಪ ಅದೇ ಗದಗ ಜೈಲು ಸೇರಿದ. ಬುಧವಾರ ಶೃತಿ, ಮಾಂತೇಶ ಕುಳಿತು ಬಂದ ಜೀಪಿಗೆ ಮನೆಯ ಮುಂದೆ ಅಡ್ಡ ನಿಂತು ರಸೂಲಬಿ, “ನಾ ವರದಿ ಕೇಳಾಕ ಬಂದಿದ್ದೆ. ಅವ್ರ ಮ್ಯಾಲ ದೂರು ಯಾವಾಗ ಕೊಟ್ಟೆ?” ಎಂದಳು. ಮಾಂತೇಶನಿಗೂ ಅದು ತಿಳಿಯಲಿಲ್ಲ. ಎಫ್‌ಐಆರ್‌ನಲ್ಲಿ ಅವಳ ಹೆಬ್ಬೆಟ್ಟಿತ್ತು.

ಶೃತಿಯ ವರದಿ ಮುಟ್ಟಿ ಶನಿವಾರ ಅಯ್ಯೂಬ ಪೆರೋಲ್ ಮೇಲೆ ಬಂದ, ಭಾನುವಾರ ನಿಕಾ ಆಯಿತು. ಮುಂದಿನ ಬುಧವಾರ ಬೆಳಿಗ್ಗೆ ಅವನು ಜೈಲಿಗೆ ಹೊರಟಾಗ ತಾಯಿ ಎರಡು ಬುತ್ತಿ ಕಟ್ಟಿದಳು.

“ಒಳಗ ಬಿಡ್ತಾರೋ ಇಲ್ಲೋ. ಬಿಟ್ರ, ಇದು ಸಾಹೇಬ್ರಿಗೆ ಕೊಡು.”