ಬೋಳಾದ ಮಗ್ಗ

"ಅಯ್ಯೋ... ಕತ್ತರಿ ಬಿಡ್ರಿ!"

ಸುಭದ್ರಾ ಒಳಗಿನಿಂದ ಓಡಿ ಬರುವಷ್ಟರಲ್ಲಿ ತಡವಾಗಿತ್ತು. ಮಗ್ಗದಲ್ಲಿ ಉಳಿದಿದ್ದ ರೇಷ್ಮೆ ಎಳೆಗಳ ಕಂತೆ ಆ ಅಪರಿಚಿತನ ಕೈಯಲ್ಲಿತ್ತು.

"ಸೀರೆ ಮುಗಿದಿದೆಯಲ್ಲ... ಇದು ಬೇಡದ ತುದಿ ಅಂದುಕೊಂಡೆ. ಕಾಲೇಜಿಗೆ ನಮೂನೆ ಅಂತ..."

"ಬ್ಯಾಡದ್ದ? ಆ ತುದಿಗೇ ಹೊಸ ಸೀರಿ ಹಾಸಿನ ಉದ್ದನ್ನ ಎಳಿ ಗಂಟು ಹಾಕ್ತೇವ್ರಿ ನಾವು! ನೇಕಾರ ಸತ್ತ ಮನ್ಯಾಗಷ್ಟೇ ಮಗ್ಗ ಬೋಳು ಮಾಡ್ತಾರ!"

ಅವನು ಕತ್ತರಿಯನ್ನು ಕೆಳಗಿಟ್ಟ.

ಅದು ೧೯೭೧. ಮೈಸೂರು ಕಡೆಯ ಕೇಶವಮೂರ್ತಿ ಔರಂಗಾಬಾದಿನ ಕಾಲೇಜೊಂದರಲ್ಲಿ ಉಪನ್ಯಾಸಕ. ಗಿರಣಿಗಳಿಗೆ ನುರಿತ ಕೈಗಳು ಬೇಕೆಂದು ಅಲ್ಲಿ ಜವಳಿ ಡಿಪ್ಲೊಮಾ ಶುರುವಾಗಲಿತ್ತು. ಅದರ ಪಠ್ಯ ಬರೆಯುವ ಹೊಣೆ ಅವನದು. ಮಗ್ಗದ ಪಾಠ ಕೇಳಲು ರೇಷ್ಮೆ ಸೀರೆಯ ಊರಾದ ಯೇವಲಾಕ್ಕೆ, ಅಲ್ಲಿ ನೆಲೆಸಿದ್ದ ಕನ್ನಡ ನೇಕಾರರಾದ ಸುಭದ್ರೆಯ ತಂದೆ ವಿಶ್ವನಾಥಪ್ಪನವರ ಮನೆಗೆ ಬಂದಿದ್ದ.

"ಇರ್ಲಿ ಬಿಡವ್ವಾ," ಎಂದರು ತಂದೆ. "ಕಲಿಸಾವ್ರು ಕಲೀಲಾಕ ಬಂದಾರ."

ಹೊಸದಾಗಿ ಎಳೆ ಪೋಣಿಸಲು ವಿಶ್ವನಾಥಪ್ಪನವರಿಗೆ ಮೂರು ದಿನ ಹಿಡಿಯಿತು. ಕತ್ತರಿಸಿದ ಕಂತೆಯನ್ನು ಕೇಶವಮೂರ್ತಿಗೇ ಕೊಟ್ಟು ಕಳಿಸಿದರು.

ಆಮೇಲೆ ಪ್ರತಿ ಭಾನುವಾರ ಅವನು ಬಸ್ಸಿನಲ್ಲಿ ಬಂದ. ವಿಶ್ವನಾಥಪ್ಪ ವಚನ ಹೇಳಿಕೊಂಡೇ ಎಳೆ ಎಣಿಸುವವರು, ಒಂದು ವಚನಕ್ಕೆ ಒಂದು ಹಿಡಿ. ಅವನು ಅದನ್ನೂ ಬರೆದುಕೊಂಡ.

"ಮಾಸ್ತರ, ಪರೀಕ್ಷಾ ಹುಡುಗರಿಗೋ, ನಿಮಗೋ?" ಚಹಾ ಕೊಡುತ್ತ ಸುಭದ್ರಾ ಕೆಣಕುತ್ತಿದ್ದಳು.

"ನಾನಂತೂ ನಪಾಸು. ನಿಮ್ಮ ಅಪ್ಪಾಜಿಯೇ ಬಂದು ಕಲಿಸಬೇಕು. ನಿಜವಾಗಿಯೂ! ಪಠ್ಯದಲ್ಲಿ ಬೋಧಕರು ಅಂತ ಅವರ ಹೆಸರೇ ಬರೆದಿದ್ದೀನಿ."

ವಿಶ್ವನಾಥಪ್ಪ ಅರವತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ಕೋಟು ಹೊಲಿಸಿದರು. ಸುಭದ್ರಾ ಭಾನುವಾರಗಳನ್ನು ಎಣಿಸತೊಡಗಿದಳು...

ಪಠ್ಯವನ್ನು ಒಪ್ಪಬೇಕಿದ್ದ ಗಿರಣಿಯವರ ಸಮಿತಿ ನಾಸಿಕದಲ್ಲಿ ಸೇರಿತು. ವಾರದ ಮೇಲೆ ಅಚ್ಚಾದ ಹಾಳೆ ಅಂಚೆಯಲ್ಲಿ ಬಂತು. 'ಬೋಧಕರಿಗೆ ಪದವಿ ಕಡ್ಡಾಯ.' ಕೆಳಗೆ ಕೇಶವಮೂರ್ತಿಯ ಸಹಿ.

ಎರಡನೇ ಸಲವೂ ಇವನೇ ಕತ್ತರಿಸಿದ!

ಅವನ ಪತ್ರಗಳನ್ನು ಅವಳು ಒಡೆಯದೆ ಹಿಂದಿರುಗಿಸಿದಳು. ಆ ಚಳಿಗಾಲದಲ್ಲಿ ತಂದೆ ತೀರಿಕೊಂಡರು. ಕೋಟು ಗೂಟದಲ್ಲೇ ಉಳಿಯಿತು. ಈ ಸಲ ಮಗ್ಗ ನಿಜವಾಗಿಯೂ ಬೋಳಾಯಿತು.

ಒಂದು ಮಧ್ಯಾಹ್ನ ಅವಳು ಔರಂಗಾಬಾದಿನ ಕಾಲೇಜಿಗೆ ಹೋದಳು.

"ಅಪ್ಪನ ಎಳಿ ನಿಮ್ಮ ಹತ್ರ ಅದ. ಕೊಡ್ರಿ. ಹೋಗ್ತೇನಿ."

ಕೇಶವಮೂರ್ತಿ ಪಕ್ಕಕ್ಕೆ ಸರಿದ. ಕಾರ್ಯಾಗಾರದಲ್ಲಿ ಯಂತ್ರಗಳ ನಡುವೆ ಒಂದು ಕೈಮಗ್ಗ. ಅದರಲ್ಲಿ ಅಪ್ಪನ ಎಳೆಗಳು! ತುದಿಗೆ ಹೊಸ ರೇಷ್ಮೆ, ವಕ್ರವಕ್ರ ಗಂಟುಗಳು. ಅರ್ಧಕ್ಕರ್ಧ ಬಿಚ್ಚಿಹೋಗಿದ್ದವು.

"ಅಪ್ಪಾಜಿಯ ಹೆಸರು ಬಿಟ್ಟರೆ ಮಾತ್ರ ಮಗ್ಗದ ಪಾಠ ಇರಲಿ ಅಂದರು ಸಮಿತಿಯವರು. ಇಲ್ಲದಿದ್ದರೆ ಎರಡೂ ಇಲ್ಲ. ಸಹಿ ಹಾಕಿದೆ, ಸುಭದ್ರಾ. ಬಂದು ಮುಖ ತೋರಿಸೋ ಧೈರ್ಯ ಇರಲಿಲ್ಲ. ಪತ್ರ ಬರೆದೆ."

ಅವಳು ಮೇಜಿನ ಮೇಲಿನ ಪಠ್ಯ ತೆರೆದಳು. ಎಳೆ ಎಣಿಸುವ ಕ್ರಮ, ವಚನಕ್ಕೊಂದು ಹಿಡಿ... ಅಪ್ಪನ ಮಾತು ಹೇಳಿದ ಹಾಗೇ ಅಲ್ಲಿತ್ತು. ಅಪ್ಪನ ಹೆಸರು ಎಲ್ಲೂ ಇರಲಿಲ್ಲ.

ಕಣ್ಣೀರು ಹಾಳೆಯ ಮೇಲೆ ಬಿತ್ತು.

"ಬಂದು ಹೇಳಿದ್ರ ಅಪ್ಪ ನಕ್ಕೊಂತ ಸಹಿ ಹಾಕ್ರಿ ಅಂತಿದ್ದ. ನೀವು ಬರ್ತೀರಂತ ಬಾಗಲಾ ನೋಡಿಕೋತ ಹೋದ್ನಲ್ರೀ..."

ಅವನು ಮಗ್ಗದ ಮುಂದಿನ ಮಣೆಯನ್ನು ಅವಳತ್ತ ಸರಿಸಿದ.

ಅವಳು ಕಣ್ಣೊರೆಸಿಕೊಂಡು ಮಗ್ಗದ ಮುಂದೆ ಕುಳಿತಳು. ಅವನ ಗಂಟೊಂದನ್ನು ಬಿಚ್ಚಿ ಮತ್ತೆ ಹಾಕಿದಳು. ಅದು ಬಿಚ್ಚಿಕೊಳ್ಳದೆ ನಿಂತಿತು.

"ನನ್ನ ಸಿಟ್ಟು ಇಳಿದಿಲ್ಲ."

"ಇರಲಿ. ಸಿಟ್ಟು ಇಟ್ಟುಕೊಂಡೇ ನನ್ನ ಜೊತೆ ಇರ್ತೀರಾ? ನೀವು ಅಂದರೆ ನನಗೆ ಪ್ರಾಣ, ಸುಭದ್ರಾ. ಅದನ್ನೂ ಬಂದು ಹೇಳಲಿಲ್ಲ ನಾನು..."

ಅವಳು ತಲೆಯೆತ್ತಲಿಲ್ಲ. ಎಳೆಯೊಂದರ ತುದಿಯನ್ನು ಅವನತ್ತ ಚಾಚಿದಳು.

"ಹಿಡೀರಿ... ಬಿಗಿಯಾಗಿ."

"ಎಷ್ಟು ಹೊತ್ತು?"

"ಹಾಸು ಮುಗಿಯೂತನಕ. ಆಮ್ಯಾಲೆ... ತುದಿ ಕತ್ತರಿಸಬ್ಯಾಡ್ರಿ."