ಒಂದೇ ಸೆಕೆಂಡ್ ಬಿದ್ದ ಬಟ್ಟೆ

"ಈ ಸೂರ್ಯನಿಗೆ ಇವತ್ತಾದ್ರೂ ಬೇರೆ ಕೆಲಸ ಇರಲಿಲ್ವಾ?"

ಪಟಪಟಿ ಕೇಳಿದ್ದು ಯಾರನ್ನೂ ಅಲ್ಲ. ಕಾರು ಒರೆಸುತ್ತ, ಆಕಾಶ ನೋಡಿ ಕೇಳಿದಳು, ಅಷ್ಟೆ. ಅವಳ ಬಾಯಿ ಹಳೇ ಸ್ಕೂಟರಿನಂತೆ, ಒಮ್ಮೆ ಶುರುವಾದರೆ ನಿಲ್ಲದು. ಅದಕ್ಕೇ ಮನೆಯಲ್ಲಿ ಆ ಹೆಸರು.

ಅಮ್ಮ ತನ್ನ ಟ್ಯಾಕ್ಸಿ ತೊಳೆದು ಸ್ನಾನಕ್ಕೆ ಹೋಗಿದ್ದಳು. ಒರೆಸುವ ಕೆಲಸ ಪಟಪಟಿಯದು. ಅದಕ್ಕೆ ಮೊದಲೇ ಬಿಸಿಲು ನೀರನ್ನು ಒಣಗಿಸಿಬಿಟ್ಟರೆ ಕಪ್ಪು ಕಾರಿನ ಮೈತುಂಬ ಬಿಳಿ ಚುಕ್ಕೆ. ಆಮೇಲೆ ಅದು ಕಾರಲ್ಲ, ಚಿರತೆ.

ಇವತ್ತು ಚಿರತೆಯಾಗುವಂತಿರಲಿಲ್ಲ. ಹತ್ತು ಗಂಟೆಗೆ ಸ್ಕೂಲ್ ಆಫೀಸಿನವರು ಕಾರು ನೋಡಲು ಬರುವವರಿದ್ದರು. ಹಿಡಿಸಿದರೆ ಅಮ್ಮನಿಗೆ ಸ್ಕೂಲ್ ಮಕ್ಕಳನ್ನು ಕರೆತರುವ ಕೆಲಸ, ಸಂಜೆ ಐದಕ್ಕೆಲ್ಲ ಮನೆ. ಹಿಡಿಸದಿದ್ದರೆ ಈಗಿನಂತೆಯೇ ರಾತ್ರಿ ಟ್ರಿಪ್ಪು, ಪಟಪಟಿಗೆ ಊಟಕ್ಕೆ ಮಾಮ ಹುರಿದ ಆಲೂಗಡ್ಡೆ. ಮಾಮನ ಆಲೂಗಡ್ಡೆ ಹೊರಗೆ ಕರಿಕಲು, ಒಳಗೆ ಕಲ್ಲು.

ಆ ಮಾಮ, ಅಮ್ಮನ ತಮ್ಮ, ಮೆಟ್ಟಿಲ ಮೇಲೆ ಕೂತು ಟೀ ಹೀರುತ್ತಿದ್ದ.

"ಮಾಮ, ನೀನೂ ಬಂದು ಒಂದು ಕೈ ಹಾಕೋ!"

"ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ ಮರಿ. ನಂಗೆ ಮೊಸರು ಸೇರಲ್ಲ."

ಅಮ್ಮ ಹೇಳಿಕೊಟ್ಟಂತೆ ಪಟಪಟಿ ಮೇಲಿನಿಂದ ಕೆಳಕ್ಕೆ ಬಂದಳು. ಮೊದಲು ಟಾಪು, ಆಮೇಲೆ ಗಾಜು, ಆಮೇಲೆ ಬಾನೆಟ್. ಬಾನೆಟ್ಟಿನ ಮಧ್ಯಕ್ಕೆ ಕೈ ಚಾಚಿದಾಗ ಬಟ್ಟೆ ಜಾರಿ ನೆಲಕ್ಕೆ ಬಿತ್ತು.

ಅಮ್ಮನ ಕಾನೂನು ಒಂದೇ: ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಕಾರು ಮುಟ್ಟಬಾರದು. ಬೇರೆ ಬಟ್ಟೆಗಳು ಒಳಗೆ ಕಪಾಟಿನಲ್ಲಿದ್ದವು. ಕಪಾಟು ದೂರ, ಸೂರ್ಯ ಹತ್ತಿರ.

"ಒಂದೇ ಸೆಕೆಂಡ್ ಬಿದ್ದಿದ್ದು," ಎಂದು ತನಗೆ ತಾನೇ ಹೇಳಿಕೊಂಡು, ಬಟ್ಟೆ ಕೊಡವಿ, ಗಸಗಸ ತಿಕ್ಕಿದಳು.

ನೀರು ಹೋಯಿತು. ನೀರಿದ್ದ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು ಬಿಸಿಲಿಗೆ ಹೊಳೆದವು, ಸುತ್ತು ಸುತ್ತಾಗಿ.

ಪಟಪಟಿ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದಳು. ಅಷ್ಟರಲ್ಲಿ ಅಮ್ಮ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಏನೇ ಇದು?"

"ಬೆಕ್ಕು."

"ಬೆಕ್ಕು ಇಷ್ಟು ರೌಂಡಾಗಿ ಕೆರೀತಾ? ಕೈಲಿ ಕಾಂಪಸ್ ಇತ್ತಾ?"

ಮಾಮನಿಗೆ ನಗು ಬಂದು ಟೀ ನೆತ್ತಿಗೇರಿತು. "ಲೆಕ್ಕದಲ್ಲಿ ಆ ಬೆಕ್ಕು ನಿನಗಿಂತ ಜೋರಿದೆ ಬಿಡು!"

ಪಟಪಟಿಯ ಸ್ಕೂಟರು ಆಫ್ ಆಗಿತ್ತು. ಆಮೇಲೆ ಮೆಲ್ಲಗೆ ಹೇಳಿದಳು, "ಬಟ್ಟೆ ಬಿತ್ತಮ್ಮ. ಚೆನ್ನಾಗಿ ಕೊಡವಿದೆ."

ಅಮ್ಮ ಬಯ್ಯಲಿಲ್ಲ. ಬಯ್ದಿದ್ದರೇ ಚೆನ್ನಾಗಿತ್ತು. ಆ ಬಟ್ಟೆಯನ್ನು ಬಿಳಿ ಮಗ್ಗಿನ ನೀರಲ್ಲಿ ಅದ್ದಿ ಹಿಂಡಿದಳು. "ಸ್ವಲ್ಪ ತಾಳು," ಎಂದಳು.

ನೀರು ತಿಳಿಯಾಯಿತು. ತಳದಲ್ಲಿ ಏಳೆಂಟು ಮರಳ ಕಾಳು ಕೂತಿದ್ದವು. ಪಟಪಟಿ ಬಹಳ ಹೊತ್ತು ಮಗ್ಗಿನೊಳಗೆ ಇಣುಕಿದಳು. ಇಷ್ಟೂ ಅವಳ ಅಂಗೈ ಕೆಳಗೇ ಇದ್ದವು.

ಅಮ್ಮ ಗೀರುಗಳ ಮೇಲೆ ಉಗುರು ಆಡಿಸಿದಳು. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. "ಆಳಕ್ಕೆ ಇಳಿದಿಲ್ಲ." ಪಾಲಿಶ್ ಡಬ್ಬಿ ತಂದು ಉಜ್ಜಿದಳು. ಗೀರುಗಳು ಪೂರ್ತಿ ಹೋಗಲಿಲ್ಲ, ನಾಚಿಕೊಂಡು ಹಿಂದೆ ನಿಂತವು.

"ಅವರು ಕೇಳಿದ್ರೆ?"

"ಕೇಳಿದ್ರೆ ಹೇಳ್ತೀನಿ, ನನ್ನ ಅಸಿಸ್ಟೆಂಟ್ ಹೊಸಬಳು ಅಂತ. ಹೋಗು, ನೆರಳಿಗಿರೋ ಬಾಗಿಲುಗಳು ಇನ್ನೂ ಒದ್ದೆ."

ಅಮ್ಮ ತಲೆ ಬಾಚಿಕೊಳ್ಳಲು ಒಳಗೆ ಹೋದಳು. ಪಟಪಟಿ ಕಪಾಟಿನಿಂದ ಎರಡು ಹೊಸ ಬಟ್ಟೆ ತಂದಳು. ಗಂಟೆ ಒಂಬತ್ತೂ ಮುಕ್ಕಾಲು. ಮಾಮನಿಗೂ ತನ್ನ ಆಲೂಗಡ್ಡೆಯ ನೆನಪಾಯಿತೋ ಏನೋ, ಲೋಟ ಕೆಳಗಿಟ್ಟು ಎದ್ದ.

"ಕೊಡು ಇಲ್ಲಿ. ಎಡಗಡೆ ಬಾಗಿಲು ನಂದು."

ಎರಡು ಸಲ ಒರೆಸುವಷ್ಟರಲ್ಲಿ ಬಟ್ಟೆ ಅವನ ಕೈಯಿಂದಲೂ ಜಾರಿತು. ಮಾಮ ಬಗ್ಗಿ ಎತ್ತಿಕೊಂಡ. ಚೆನ್ನಾಗಿ ಕೊಡವಿದ.

"ಒಂದೇ ಸೆಕೆಂಡ್ ಬಿದ್ದಿದ್ದು."

ಪಟಪಟಿ ಓಡಿಬಂದು ಮಾಮನಿಗೂ ಬಾಗಿಲಿಗೂ ನಡುವೆ ನಿಂತಳು. ಎರಡೂ ಕೈ ಅಗಲಿಸಿದಳು.

"ಏ ಮರಿ, ಟೈಮಾಯ್ತು. ಇಷ್ಟೇ ಇಷ್ಟು ಉಳಿದಿರೋದು. ನಿನ್ನ ದಮ್ಮಯ್ಯ, ಜಾಗ ಬಿಡು."

"ಬಿಡಲ್ಲ."