ಔಷಧವೆಂಬ ದಂಡನೆ

ಮಹಾನವಮಿ ಸಮೀಪಿಸಿದ್ದ ಆ ದಿನಗಳಲ್ಲಿ ಹೊನ್ನವೊಳಲಿನ ರಾಜಬೀದಿಯು ಮಾವಿನ ತೋರಣಗಳಿಂದಲೂ, ಸಾಣೆಗೊಂಡ ಖಡ್ಗಗಳ ಹೊಳಪಿನಿಂದಲೂ, ಪಟ್ಟದಾನೆಗಳ ಘಂಟಾನಾದದಿಂದಲೂ ತುಂಬಿಹೋಗಿತ್ತು. ದಂಡನಾಯಕ ಬಾಚರಸನ ಸೌಧದ ಮುಂದೆ ಮಾತ್ರ ವಾದ್ಯಗಳು ಮೌನ ತಾಳುತ್ತಿದ್ದವು. ಒಡಲೊಳಗಿನ ಗಡ್ಡೆಯೊಂದು ಆ ವೀರನನ್ನು ತಿಂದುಹಾಕುತ್ತಿತ್ತು.

ಅಸಾಧ್ಯ ರೋಗವೆಂದು ಕಂಡೊಡನೆ ಔಷಧ ನಿಲ್ಲಿಸಿ, ನೋವನ್ನಷ್ಟೇ ತಗ್ಗಿಸಿ, ರೋಗಿಯನ್ನು ದೈವಕ್ಕೊಪ್ಪಿಸುವುದು ರಾಜವೈದ್ಯ ಕೇತಯ್ಯ ಪಂಡಿತನ ಮನೆತನದ ಪದ್ಧತಿ. ಈ ಬಾರಿ ಅವನು ಹಾಗೆ ಮಾಡಲಿಲ್ಲ. ಯುವರಾಜನಿಗೆ ವಿಷವಿಕ್ಕಿ ಕೊಂದನೆಂಬ ಆರೋಪ ಹೊರಿಸಿ, ಕೇತಯ್ಯನ ಒಬ್ಬನೇ ಮಗ ಮಾದಿರಾಜನನ್ನು ಹಿಂದೆ ಶೂಲಕ್ಕೇರಿಸಿದವನು ಇದೇ ಬಾಚರಸ.

ಪ್ರಧಾನಿ ಬಮ್ಮರಸನಿಗೂ ರೋಗಿ ಬದುಕಿರುವುದು ಬೇಕಾಗಿತ್ತು. "ಪಂಡಿತರೇ, ಮಹಾನವಮಿಯ ಒಡ್ಡೋಲಗದಲ್ಲಿ ದಂಡನಾಯಕರು ತಮ್ಮ ಪದವಿಯ ಖಡ್ಗವನ್ನು ನನ್ನ ಅಳಿಯನ ಕೈಗಿಡಬೇಕು. ಅಲ್ಲಿಯವರೆಗೆ ಪ್ರಾಣ ಹೋಗಕೂಡದು."

"ಹೋಗಗೊಡುವುದಿಲ್ಲ, ಸ್ವಾಮಿ," ಎಂದ ಕೇತಯ್ಯ.

ನಾಡಿ ಕುಸಿದಾಗಲೆಲ್ಲ ಅವನು ಉಗ್ರವಾದ ರಸೌಷಧವನ್ನು ಕುಡಿಸುತ್ತಿದ್ದ. ಜೀವ ಮರಳುತ್ತಿತ್ತು, ಅದರೊಡನೆ ಯಾತನೆಯೂ. ನಗರವೆಲ್ಲ ಅವನ ಕೈಗುಣವನ್ನು ಕೊಂಡಾಡಿತು.

ಒಂದು ಮುಂಜಾನೆ ಬಾಚರಸ ಅವನ ಮುಂಗೈ ಹಿಡಿದುಕೊಂಡ. "ಪಂಡಿತರೇ, ನನ್ನನ್ನು ಹೋಗಲು ಬಿಡಿ."

"ನನ್ನ ಮಗನೂ ಶೂಲದ ಮೇಲೆ ಹೀಗೆಯೇ ಬೇಡಿದ. ತಾವು ನೋಡುತ್ತ ನಿಂತಿದ್ದಿರಿ."

"ನಿಮಗೇನು ಬೇಕು?"

"ಸತ್ಯ. ಪ್ರಭುಗಳ ಸಮ್ಮುಖದಲ್ಲಿ."

ಕೇತಯ್ಯ ಹೇಳಿಕಳುಹಿಸಲು ಅರಸ ಜೋಯಿದೇವನು ಪ್ರಧಾನಿಯೊಡನೆ ಬಂದು ಮಂಚದ ಬಳಿ ಕುಳಿತ. ಬಾಚರಸ ಮುಚ್ಚಿಡಲಿಲ್ಲ. "ಯುವರಾಜರ ಕಷಾಯಕ್ಕೆ ವಿಷ ಬೆರೆಸಿದವನು ನಾನು. ಬೆರೆಸೆಂದವರು ಈ ಪ್ರಧಾನಿಗಳು. ಮಾದಿರಾಜ ನಿರಪರಾಧಿ."

ಅಂಗರಕ್ಷಕರು ಬಮ್ಮರಸನ ಕೈಕಟ್ಟಿ ಎಳೆದೊಯ್ದರು. ಆ ವಿಷಕ್ಕೆ ಮಗನನ್ನು ಕಳೆದುಕೊಂಡಿದ್ದ ಅರಸ ಕೇತಯ್ಯನತ್ತ ತಿರುಗಿ ಹೇಳಿದ: "ಪಂಡಿತರೇ, ನಿಮ್ಮ ಮಗನ ನಿರಪರಾಧಿತ್ವವನ್ನು ಇಂದೇ ಡಂಗುರ ಸಾರಿಸುತ್ತೇನೆ. ಆದರೆ ಇವನು ಸಾಯಕೂಡದು. ನಿಮ್ಮ ಔಷಧ ಎಳೆಯುವಷ್ಟು ಕಾಲವೂ ಎಳೆಯಿರಿ. ನರಳಲಿ."

ಕೇತಯ್ಯ ಅರಸನ ಮುಖವನ್ನು ದಿಟ್ಟಿಸಿದ. ಇಷ್ಟು ದಿನ ರೋಗಿಯ ಕಣ್ಣಿಗೆ ತಾನೂ ಹೀಗೆಯೇ ಕಂಡಿರಬೇಕು ಎನ್ನಿಸಿತು.

"ಆ ದಂಡನೆಯನ್ನು ನಾನಾಗಲೇ ಕೊಟ್ಟಿದ್ದೇನೆ, ಪ್ರಭು. ಒಂದೊಂದು ಗುಟುಕನ್ನೂ ದ್ವೇಷದಿಂದಲೇ ಕುಡಿಸಿದೆ. ಮಗ ಮರಳಲಿಲ್ಲ, ನನ್ನೊಳಗಿನ ವೈದ್ಯನೂ ಹೋದ. ಇನ್ನು ಕುಡಿಸಲಾರೆ."

"ರಾಜಾಜ್ಞೆ ಮೀರಿದವನ ತಲೆ ಉಳಿಯುವುದಿಲ್ಲ."

"ತಿಳಿದಿದೆ. ಅದಕ್ಕೆ ಮುನ್ನ ಇವರ ನೋವು ತಗ್ಗಿಸಲು ಅಪ್ಪಣೆಯಾಗಲಿ."

ಅರಸ ಮುಖ ತಿರುಗಿಸಿದ. "ಕೆಲಸ ಮುಗಿದ ಮೇಲೆ ಈ ಪಂಡಿತರನ್ನು ವಧಾಸ್ಥಾನಕ್ಕೆ ಕರೆದೊಯ್ಯಿರಿ," ಎಂದು ಕಾವಲಿನವರಿಗೆ ಹೇಳಿ ಹೊರಟುಹೋದ.

ಕೇತಯ್ಯ ರಸೌಷಧವನ್ನು ಬಚ್ಚಲಿಗೆ ಸುರಿದು, ಹಾಲಿನಲ್ಲಿ ಅಫೀಮು ಕದಡಿ, ರೋಗಿಯ ತಲೆಯನ್ನೆತ್ತಿ ಮೆಲ್ಲಗೆ ಕುಡಿಸಿದ.

"ಕ್ಷಮಿಸಿದಿರಾ?" ಎಂದ ಬಾಚರಸ.

"ಇಲ್ಲ. ಮಲಗಿರಿ."

ಯಾತನೆ ಇಳಿಯುತ್ತ ಬಂತು. ಸಂಜೆಯ ಹೊತ್ತಿಗೆ ಉಸಿರು ತಾನಾಗಿ ನಿಂತಿತು. ಕೇತಯ್ಯ ಶವದ ಕಣ್ಣು ಮುಚ್ಚಿ, ಕೈತೊಳೆದು, ಬಾಗಿಲಲ್ಲಿ ಕಾದಿದ್ದ ಭಟರ ನಡುವೆ ಬೀದಿಗಿಳಿದ. ಚೌಕದಲ್ಲಿ ಡಂಗುರದವನು ಮಾದಿರಾಜನ ಹೆಸರನ್ನು ಕೂಗುತ್ತಿದ್ದ. ಅವನು ಸಾರಿ ಮುಗಿಸುವವರೆಗೆ ಭಟರೂ ಪಂಡಿತನೊಡನೆ ನಿಂತುಕೊಂಡರು.